ಕಡಿಮೆ ದುಡ್ಡಿನಲ್ಲಿ ವ್ಲಾಗ್ ಕ್ಯಾಮೆರಾ ಆರಿಸುವುದು ಹೇಗೆ: ಮುಂಬೈ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ವ್ಲಾಗ್‌ನಲ್ಲಿ ನನ್ನ ಮುಖದ ಎಡಭಾಗ ಮಾತ್ರ ಇದೆ. ಹತ್ತು ನಿಮಿಷದ ವಿಡಿಯೋ, ದಾದರ್ ಸ್ಟೇಷನ್ ಪಕ್ಕದ ಹೂವಿನ ಮಾರುಕಟ್ಟೆ, ಬೆಳಗಿನ ಐದೂವರೆ ಗಂಟೆ. ನಿದ್ದೆಗೆಟ್ಟು ಡೊಂಬಿವಲಿಯಿಂದ ಲೋಕಲ್ ಹಿಡಿದು ಹೋಗಿದ್ದೆ. ಕೈಯಲ್ಲಿ ವಾರದ ಹಿಂದೆ ತಂದ ಡಿಎಸ್‌ಎಲ್‌ಆರ್. ಅದರ ಸ್ಕ್ರೀನು ತಿರುಗುವುದಿಲ್ಲ, ಹಾಗಾಗಿ ನಾನು ಫ್ರೇಮಿನಲ್ಲಿ ಇದ್ದೇನೋ ಇಲ್ಲವೋ ನೋಡಿಕೊಳ್ಳಲು ದಾರಿಯೇ ಇರಲಿಲ್ಲ. ಹೊರಗಿನ ಮೈಕ್ ಸಿಕ್ಕಿಸಲು ಜಾಗವೂ ಇಲ್ಲ. ಮನೆಗೆ ಬಂದು ನೋಡಿದರೆ ನನ್ನ ಮಾತಿಗಿಂತ ಚೆಂಡುಹೂವು ಮಾರುವವನ ಕೂಗೇ ಜೋರು, ಫೋಕಸ್ಸು ನನ್ನನ್ನು ಬಿಟ್ಟು ಹಿಂದಿದ್ದ ಮೂಟೆಯ ಮೇಲೆ. "ಹೂವು ಚೆಂದ ಬಂದಿದೆ, ನೀನೆಲ್ಲಿ?" ಅಂತ ಅಮ್ಮ ಕೇಳಿದರು.

ಕ್ಯಾಮೆರಾದ ತಪ್ಪೇನೂ ಇಲ್ಲ. ಫೋಟೋ ತೆಗೆಯಲು ಅದು ಇವತ್ತಿಗೂ ನನಗೆ ಇಷ್ಟ. ಅಂಗಡಿಯಲ್ಲಿ ನಾನು ಕೇಳಿದ ಪ್ರಶ್ನೆಯೇ ಸರಿ ಇರಲಿಲ್ಲ: "ಇಷ್ಟು ದುಡ್ಡಿಗೆ ಒಳ್ಳೆ ಕ್ಯಾಮೆರಾ ಯಾವುದು?" ಈಗ ಚಿಕ್ಕಮ್ಮನ ಮಗ, ಆಫೀಸಿನವರು, ಊರಿಂದ ಬಂದು ಥಾಣೆಯಲ್ಲಿ ಕೆಲಸಕ್ಕೆ ಸೇರಿದ ಹುಡುಗರು ಎಲ್ಲರೂ ಇದನ್ನೇ ನನ್ನ ಹತ್ತಿರ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ನೀವು ಈಗಾಗಲೇ ತೆಗೆದ ವಿಡಿಯೋದಲ್ಲಿ ಕೆಟ್ಟಿರುವುದು ಏನು? ಅದಕ್ಕೆ ಮಾತ್ರ ದುಡ್ಡು ಹಾಕಿ. ಇನ್ನೂ ಏನೂ ತೆಗೆದೇ ಇಲ್ಲ ಅಂದರೆ ಕ್ಯಾಮೆರಾ ಕೊಳ್ಳುವ ಹೊತ್ತು ಬಂದಿಲ್ಲ.

ಹೆಜ್ಜೆ 1: ಎರಡು ವಾರ ಫೋನಿನಲ್ಲೇ ತೆಗೆಯಿರಿ

ಕನಿಷ್ಠ ಮೂರು ವಿಡಿಯೋ. ಸುಮ್ನೆ ಬಾಲ್ಕನಿಯಲ್ಲಿ ನಿಂತು ಪ್ರಯೋಗ ಮಾಡುವುದು ಬೇಡ, ನೀವು ನಿಜವಾಗಿ ತೆಗೆಯಬೇಕು ಅಂದುಕೊಂಡ ಜಾಗಕ್ಕೇ ಹೋಗಿ. ಸೆಲ್ಫಿ ಕ್ಯಾಮೆರಾ ಬಿಟ್ಟು ಹಿಂದಿನ ಕ್ಯಾಮೆರಾ ಬಳಸಿ ನೋಡಿ, ಹೆಚ್ಚಿನ ಫೋನುಗಳಲ್ಲಿ ದೊಡ್ಡ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಇರುವುದು ಅದರಲ್ಲೇ. ಆಂಡ್ರಾಯ್ಡ್ ಆದರೆ ಓಪನ್ ಕ್ಯಾಮೆರಾ ಅನ್ನುವ ಉಚಿತ ಆ್ಯಪ್ ಇದೆ. ಐಫೋನ್ ಇರುವವರಿಗೂ, ಹೊಸ ಆಂಡ್ರಾಯ್ಡ್ ಫೋನುಗಳಿಗೂ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಇನ್ನೊಂದಿದೆ, ಅದೂ ಉಚಿತ. ಎರಡರಲ್ಲೂ ಎಕ್ಸ್‌ಪೋಷರ್ ಲಾಕ್ ಮಾಡಬಹುದು. ಅಂದರೆ ನೀವು ನೆರಳಿನಿಂದ ಬಿಸಿಲಿಗೆ ಬಂದಾಗ ಚಿತ್ರ ಒಮ್ಮೆ ಕಪ್ಪು ಒಮ್ಮೆ ಬಿಳಿ ಆಗುವ ಆಟ ನಿಲ್ಲುತ್ತದೆ.

ಆಮೇಲೆ ಮೂರನ್ನೂ ಟಿವಿಯಲ್ಲೋ ಲ್ಯಾಪ್‌ಟಾಪ್‌ನಲ್ಲೋ ಹಾಕಿ, ಮನೆಯವರ ಜೊತೆ ಕೂತು ನೋಡಿ. ಒಂದು ಕಾಗದದಲ್ಲಿ ಬರೆಯಿರಿ: ಮಾತು ಕೇಳಿಸಲಿಲ್ಲ, ಅಲುಗಾಡಿತು, ಕತ್ತಲಾಯಿತು, ಮುಖವೇ ತುಂಬಿಕೊಂಡಿತು, ಫೋನ್ ಬಿಸಿಯಾಗಿ ನಿಂತುಹೋಯಿತು, ಮಧ್ಯದಲ್ಲಿ ಕಾಲ್ ಬಂತು, ಸ್ಟೋರೇಜ್ ತುಂಬಿತು. ಯಾವುದು ಎಷ್ಟು ಸಲ ಬಂತು ಅಂತ ಗೀಟು ಹಾಕಿ. ಈ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಪರ್ಸಿನ ಜೊತೆ ಇದೂ ಜೇಬಿನಲ್ಲಿರಬೇಕು.

ನಾನು ನೋಡಿದ ಮಟ್ಟಿಗೆ ಮುಂಬೈನವರ ಕಾಗದದಲ್ಲಿ ಮೊದಲ ಗೀಟು ಬೀಳುವುದು ಧ್ವನಿಗೇ.

ಹೆಜ್ಜೆ 2: ಮೊದಲ ದುಡ್ಡು ಮೈಕಿಗೆ

ಈ ಊರಲ್ಲಿ ಸದ್ದಿಲ್ಲದ ಜಾಗ ಎಲ್ಲಿದೆ ಹೇಳಿ. ಲೋಕಲ್ ಒಳಗೆ ಫ್ಯಾನು, ಹಳಿಯ ಸದ್ದು, ಭಜನೆ ಮಂಡಳಿ. ಹೊರಗೆ ರಿಕ್ಷಾ ಹಾರ್ನು. ಸಮುದ್ರದ ದಂಡೆಗೆ ಹೋದರೆ ಗಾಳಿ. ಫೋನಿನ ಮೈಕ್ ನಿಮ್ಮ ಬಾಯಿಂದ ಎರಡಡಿ ದೂರದಲ್ಲಿರುತ್ತದೆ, ಅದಕ್ಕೆ ನೀವೂ ಒಂದೇ, ರಿಕ್ಷಾವೂ ಒಂದೇ. ಎಂಬತ್ತು ಸಾವಿರದ ಕ್ಯಾಮೆರಾ ತಂದರೂ ಅದರ ಒಳಗಿನ ಮೈಕ್ ಇರುವುದು ಅದೇ ಎರಡಡಿ ದೂರದಲ್ಲಿ. ಮೈಕನ್ನು ಅಂಗಿಯ ಕಾಲರಿಗೆ ತಂದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಅಗ್ಗದ ದಾರಿ ಅಂದರೆ ವೈರ್ ಇರುವ ಕಾಲರ್ ಮೈಕ್. ಬೋಯಾ ಬಿವೈ-ಎಂ1 ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ, 6 ಮೀಟರ್ ವೈರ್ ಬರುತ್ತದೆ. ಅದರಲ್ಲೊಂದು ಸ್ವಿಚ್ ಇದೆ: ಫೋನಿಗೆ ಒಂದು ಕಡೆ, ಕ್ಯಾಮೆರಾಗೆ ಇನ್ನೊಂದು ಕಡೆ. ಕ್ಯಾಮೆರಾ ಕಡೆಗೆ ಇಟ್ಟರೆ ಒಳಗಿನ ಚಿಕ್ಕ ಎಲ್‌ಆರ್44 ಸೆಲ್ಲಿನಿಂದ ಓಡುತ್ತದೆ. ಹಾಗೇ ಮರೆತು ಮಲಗಿದರೆ ಬೆಳಿಗ್ಗೆ ಸೆಲ್ ಖಾಲಿ. ನನಗೆ ಎರಡು ಸಲ ಹೀಗಾಗಿದೆ. ಬೇರೆ ಯಾವ ಮೈಕ್ ಕೊಂಡರೂ ಪಿನ್ನು ನೋಡಿ ಕೊಳ್ಳಿ. ಫೋನಿನ ಪಿನ್ನಿನಲ್ಲಿ ಮೂರು ಕಪ್ಪು ಗೆರೆ ಇರುತ್ತದೆ, ಕ್ಯಾಮೆರಾದ ಪಿನ್ನಿನಲ್ಲಿ ಎರಡು. ಒಂದನ್ನು ಇನ್ನೊಂದಕ್ಕೆ ಚುಚ್ಚಿದರೆ ಬಹಳ ಸಲ ಏನೂ ರೆಕಾರ್ಡ್ ಆಗುವುದಿಲ್ಲ, ಜನ ಮೈಕ್ ಕೆಟ್ಟಿದೆ ಅಂದುಕೊಂಡು ವಾಪಸ್ ಮಾಡುತ್ತಾರೆ. 3.5 ಮಿ.ಮೀ. ಜಾಕ್ ಇಲ್ಲದ ಹೊಸ ಫೋನಾದರೆ ಯುಎಸ್‌ಬಿ-ಸಿ ಪಿನ್ನಿನ ಮೈಕನ್ನೇ ಕೇಳಿ.

ನಡೆಯುತ್ತ ಮಾತಾಡುವವರಿಗೆ ವೈರ್ ಕಿರಿಕಿರಿ. ಅವರಿಗೆ ವೈರ್‌ಲೆಸ್. ತೀರಾ ಅಗ್ಗದ್ದು ಬೇಡ, ದಾದರ್ ಸೇತುವೆಯಂಥ ಜನಜಂಗುಳಿಯಲ್ಲಿ ಅವುಗಳ ಸಿಗ್ನಲ್ ಕಟ್ ಕಟ್ ಆಗುತ್ತದೆ. ಮೈಕಿನ ಜೊತೆ ಆ ತುಪ್ಪಳದ ಟೋಪಿ ಬಂದಿದೆಯಾ ನೋಡಿ. ವರ್ಲಿಯಲ್ಲೋ ಬಾಂದ್ರಾದಲ್ಲೋ ಸಮುದ್ರದ ಎದುರು ನಿಂತಾಗ ಅದಿಲ್ಲದಿದ್ದರೆ ಬರೀ ಬುಸ್ ಬುಸ್.

ಮೈಕ್ ಬಂದ ಮೇಲೆ ಇನ್ನೊಂದು ವಿಡಿಯೋ ತೆಗೆದು ಕಾಗದ ತಿದ್ದಿ. ಎಷ್ಟೋ ಜನರಿಗೆ ಇಲ್ಲಿಗೇ ಕೆಲಸ ಮುಗಿಯುತ್ತದೆ, ಕ್ಯಾಮೆರಾ ದುಡ್ಡು ಊರಿಗೆ ಹೋಗುವ ಟಿಕೆಟ್ಟಿಗೆ ಆಗುತ್ತದೆ. ಉಳಿದವರು ಮುಂದೆ ಓದಿ.

ಹೆಜ್ಜೆ 3: ನಿಮ್ಮದು ಯಾವ ಬಗೆಯ ವಿಡಿಯೋ?

ಅಡುಗೆ ಚಾನೆಲ್ ಆದರೆ ಫೋನ್ ಬಿಡಬೇಡಿ. ಮುಲುಂಡಿನ ನಮ್ಮ ಚಿಕ್ಕಮ್ಮ ಪತ್ರೊಡೆ, ಕೊಟ್ಟೆ ಕಡುಬು ಅಂತ ವಿಡಿಯೋ ಮಾಡುತ್ತಾರೆ. ಪಾತ್ರೆಗೆ ನೇರ ಮೇಲಿನಿಂದ ಫೋನ್ ಹಿಡಿಯುವ ಒಂದು ಸ್ಟ್ಯಾಂಡು, ಕಿಟಕಿ ಬೆಳಕು ಸಾಲದಾಗ ಒಂದು ಎಲ್‌ಇಡಿ ಲೈಟು, ಮೈಕು. ಅಷ್ಟೇ. ಬಾಣಲೆಯ ಮೇಲೆ ದೊಡ್ಡ ಕ್ಯಾಮೆರಾ ನೇತುಹಾಕಿದರೆ ಸ್ಟ್ಯಾಂಡೂ ಅಷ್ಟೇ ಗಟ್ಟಿ ಬೇಕು, ಲೆನ್ಸಿಗೆ ಒಗ್ಗರಣೆ ಜಿಡ್ಡು ಹಾರುತ್ತದೆ. ಫೋನಾದರೆ ಲುಂಗಿಯ ತುದಿಯಲ್ಲಿ ಒರೆಸಿಬಿಡಬಹುದು. ಚಿಕ್ಕಪ್ಪ ಹಾಗೇ ಮಾಡುವುದು, ಹೇಳಿದರೂ ಕೇಳುವುದಿಲ್ಲ.

ಯಕ್ಷಗಾನ, ತಾಳಮದ್ದಳೆ, ಸಂಘದ ಕಾರ್ಯಕ್ರಮ ತೆಗೆಯುವವರ ಕಥೆಯೇ ಬೇರೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲೋ ಕುರ್ಲಾದ ಬಂಟರ ಭವನದಲ್ಲೋ ಹಿಂದಿನ ಸಾಲಲ್ಲಿ ಕೂತಿರುತ್ತೀರಿ. "ವ್ಲಾಗಿಂಗ್ ಕ್ಯಾಮೆರಾ" ಅಂತ ಹೆಸರಿಟ್ಟು ಮಾರುವ ಎಷ್ಟೋ ಕ್ಯಾಮೆರಾಗಳ ಲೆನ್ಸು ಅಗಲ, ಜೂಮ್ ಇಲ್ಲ. ಅದರಲ್ಲಿ ವೇಷಧಾರಿ ಬೆಂಕಿಕಡ್ಡಿಯಷ್ಟು ಕಾಣುತ್ತಾನೆ. ನಿಮಗೆ ಬೇಕಾದದ್ದು ಜೂಮು, ಕತ್ತಲಲ್ಲಿ ತಾಳಿಕೊಳ್ಳುವ ಸೆನ್ಸರು, ಮತ್ತು ಎಡೆಬಿಡದೆ ಗಂಟೆಗಟ್ಟಲೆ ಓಡುವ ರೆಕಾರ್ಡಿಂಗು. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಹೆಚ್ಚಿನವು 29 ನಿಮಿಷ 59 ಸೆಕೆಂಡಿಗೆ ನಿಂತುಬಿಡುತ್ತವೆ. ಅದಕ್ಕಿಂತ ಜಾಸ್ತಿ ಓಡಿದರೆ ಯುರೋಪಿನಲ್ಲಿ ಅದನ್ನು ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಿಡಿದು ಬೇರೆ ಸುಂಕ ಹಾಕುತ್ತಿದ್ದರು, ಅದನ್ನು ತಪ್ಪಿಸಲು ಕಂಪನಿಗಳೇ ಇಟ್ಟುಕೊಂಡ ಮಿತಿ ಅದು. ಅಲ್ಲಿಯ ಸುಂಕಕ್ಕೆ ಇಲ್ಲಿ ನಮ್ಮ ದೇವಿ ಮಹಾತ್ಮೆ ಅರ್ಧಕ್ಕೆ ನಿಂತಿತು. ಇನ್ನೊಂದು, ಮೈಕಿನ ಲೆವೆಲ್ಲನ್ನು ಆಟೋದಲ್ಲಿ ಬಿಡಬೇಡಿ. ಚೆಂಡೆ ಬಿದ್ದ ಕೂಡಲೇ ಕ್ಯಾಮೆರಾ ಧ್ವನಿ ತಗ್ಗಿಸುತ್ತದೆ, ಹಿಂದೆಯೇ ಭಾಗವತರೂ ಮುಳುಗುತ್ತಾರೆ.

ಮಳೆಯಲ್ಲಿ ಲೋನಾವಳ, ಕೊಂಕಣದ ಬೈಕ್ ಪ್ರವಾಸ ಅನ್ನುವವರು ಆ್ಯಕ್ಷನ್ ಕ್ಯಾಮೆರಾ ನೋಡಿ. ಗೋಪ್ರೊ ಹೀರೊ 12 ಬ್ಲ್ಯಾಕ್ ಬೇರೆ ಕವಚ ಇಲ್ಲದೆಯೇ 10 ಮೀಟರ್ ನೀರಿನಾಳ ತಡೆಯುತ್ತದೆ. ಹಗಲಲ್ಲಿ ಚೆಂದ. ಸಂಜೆ ಏಳರ ಮೇಲೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆ, ಯಾಕೆಂದರೆ ಸೆನ್ಸರು ಚಿಕ್ಕದು.

ಇನ್ನು ಉಳಿದದ್ದು ಕೈ ಚಾಚಿ ತನ್ನನ್ನೇ ತೆಗೆಯುತ್ತ, ನಡೆಯುತ್ತ ಮಾತಾಡುವ ಬಗೆ. ಹೆಚ್ಚಿನವರು ಇದಕ್ಕೇ ಕ್ಯಾಮೆರಾ ಹುಡುಕುವುದು, ದುಡ್ಡು ದಂಡ ಆಗುವುದೂ ಇಲ್ಲೇ. ಅದಕ್ಕೇ ಮುಂದಿನ ಭಾಗ ಸ್ವಲ್ಪ ಉದ್ದ.

ಹೆಜ್ಜೆ 4: ಸ್ಪೆಸಿಫಿಕೇಶನ್ ಓದುವುದು ಕಲಿಯಿರಿ

ಅಂಗಡಿಯವನು ಮೊದಲು ಹೇಳುವುದು ಮೆಗಾಪಿಕ್ಸೆಲ್. ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ. 4ಕೆ ವಿಡಿಯೋ ಅಂದರೆ 3840×2160, ಅದಕ್ಕೆ ಸುಮಾರು 8 ಮೆಗಾಪಿಕ್ಸೆಲ್ ಸಾಕು.

ಮೊದಲು ನೋಡಬೇಕಾದ್ದು ಲೆನ್ಸ್ ಎಷ್ಟು ಅಗಲ ಅಂತ. ಕೈ ಚಾಚಿ ತೆಗೆದಾಗ ಮುಖದ ಜೊತೆ ಹಿಂದಿನ ಬೀದಿಯೂ ಕಾಣಬೇಕು ಅಂದರೆ ಫುಲ್ ಫ್ರೇಮ್ (ಹಳೇ 35 ಮಿ.ಮೀ. ರೀಲಿನಷ್ಟು ದೊಡ್ಡ ಸೆನ್ಸರ್) ಲೆಕ್ಕದಲ್ಲಿ 16ರಿಂದ 22 ಮಿ.ಮೀ. ಒಳಗೆ ಇರಬೇಕು, ಸಂಖ್ಯೆ ಚಿಕ್ಕದಾದಷ್ಟು ಲೆನ್ಸ್ ಅಗಲ. 24 ಆದರೆ ಹೇಗೋ ಸುಧಾರಿಸಬಹುದು. 28 ದಾಟಿದರೆ ಮುಖ ಮಾತ್ರ. ಈ "ಲೆಕ್ಕದಲ್ಲಿ" ಅನ್ನುವುದೇ ಜನ ಎಡವುವ ಜಾಗ, ಸೆನ್ಸರ್ ಅದಕ್ಕಿಂತ ಚಿಕ್ಕದಾದರೆ ಲೆನ್ಸಿನ ಸಂಖ್ಯೆಯನ್ನು ಗುಣಿಸಿ ನೋಡಬೇಕು. ಸೋನಿ ಝಡ್‌ವಿ-ಇ10 ಜೊತೆ ಬರುವ 16-50 ಲೆನ್ಸಿನ 16 ಅನ್ನುವುದನ್ನು 1.5ರಿಂದ ಗುಣಿಸಬೇಕು, 24 ಆಗುತ್ತದೆ. ಸೆಕೆಂಡಿಗೆ 30 ಫ್ರೇಮಿನ 4ಕೆಯಲ್ಲಿ ಆ ಕ್ಯಾಮೆರಾ ಚಿತ್ರದ ಅಂಚನ್ನು ಇನ್ನೂ 1.23 ಪಟ್ಟು ಕತ್ತರಿಸುತ್ತದೆ, ಸುಮಾರು 29ಕ್ಕೆ ಬಂದು ನಿಲ್ಲುತ್ತದೆ. ಅಲುಗಾಟ ತಡೆಯಲು ಆ್ಯಕ್ಟಿವ್ ಮೋಡ್ ಹಾಕಿದರೆ ಮತ್ತಷ್ಟು ಕತ್ತರಿ. ಕ್ಯಾನನ್ ಆರ್50ರಲ್ಲಿ 4ಕೆಗೆ ಕತ್ತರಿ ಇಲ್ಲ, ಆದರೆ ಜೊತೆಗೆ ಬರುವ ಲೆನ್ಸು 18-45, ಗುಣಿಸಬೇಕಾದ್ದು 1.6ರಿಂದ, ಅಲ್ಲಿಗೆ ಅದೂ 29ರ ಹತ್ತಿರ. ಡಿಜೆಐ ಓಸ್ಮೊ ಪಾಕೆಟ್ 3 ಮತ್ತು ಸೋನಿ ಝಡ್‌ವಿ-1ಎಫ್ ಎರಡೂ 20. ಸೋನಿ ಝಡ್‌ವಿ-1 ಮಾರ್ಕ್ 2 ಇನ್ನೂ ಅಗಲ, 18. ಚಿಕ್ಕ ಕ್ಯಾಮೆರಾಗಳು ಈ ಒಂದು ಕೆಲಸದಲ್ಲಿ ದೊಡ್ಡವನ್ನು ಹೀಗೆ ಮೀರಿಸುತ್ತವೆ.

ಎರಡನೆಯದು ಮುಂದಕ್ಕೆ ತಿರುಗುವ ಸ್ಕ್ರೀನ್, ಮೂರನೆಯದು ಮೈಕ್ ಜಾಕ್. ಕ್ಯಾನನ್ 1500ಡಿ ನಮ್ಮಲ್ಲಿ ತುಂಬ ಮಾರಾಟವಾಗುವ ಡಿಎಸ್‌ಎಲ್‌ಆರ್, ಫೋಟೋ ಕಲಿಯಲು ಸಾಕು. ಆದರೆ ಅದರಲ್ಲಿ ಇವೆರಡೂ ಇಲ್ಲ. ಕ್ಯಾನನ್ನಿನದೇ ಆರ್100ರಲ್ಲಿ ಮೈಕ್ ಜಾಕ್ ಇದೆ, ಸ್ಕ್ರೀನ್ ತಿರುಗುವುದೂ ಇಲ್ಲ, ಮುಟ್ಟಿದರೆ ಕೆಲಸ ಮಾಡುವುದೂ ಇಲ್ಲ. ಕ್ಯಾನನ್ ಜಿ7ಎಕ್ಸ್ ಮಾರ್ಕ್ 2ರಲ್ಲಿ ಸ್ಕ್ರೀನ್ ಎದ್ದು ನಿಲ್ಲುತ್ತದೆ, ಮೈಕ್ ಜಾಕ್ ಇಲ್ಲ, ಮಾರ್ಕ್ 3ರಲ್ಲಿ ಕೊಟ್ಟರು. ಹೀಗೆ ಒಂದೊಂದರಲ್ಲಿ ಒಂದೊಂದು ಕೊರತೆ, ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ಕೈಗೆ ತಗೊಂಡು ರಬ್ಬರ್ ಮುಚ್ಚಳ ತೆಗೆದು ಕಣ್ಣಾರೆ ನೋಡಿ.

ಆಟೋಫೋಕಸ್‌ನಲ್ಲಿ ಎರಡು ಬಗೆ. ಫೇಸ್ (phase, ಮುಖದ face ಅಲ್ಲ) ಡಿಟೆಕ್ಟ್ ಇರುವುದು ಮುಖವನ್ನು ಒಮ್ಮೆಗೇ ಹಿಡಿಯುತ್ತದೆ. ಬರೀ ಕಾಂಟ್ರಾಸ್ಟ್ ಡಿಟೆಕ್ಟ್ ಇರುವುದು ಮುಂದೆ ಹೋಗಿ, ಹಿಂದೆ ಬಂದು, ಹುಡುಕಿ ಹಿಡಿಯುತ್ತದೆ, ಆ ಹುಡುಕಾಟ ವಿಡಿಯೋದಲ್ಲಿ ಕಾಣಿಸುತ್ತದೆ. ಝಡ್‌ವಿ-1ಎಫ್ ಎರಡನೇ ಬಗೆ, ಅದರ ದರ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ. ಅಗಲದ ಲೆನ್ಸಿನಲ್ಲಿ ಇದು ಅಷ್ಟು ತೊಂದರೆ ಕೊಡುವುದಿಲ್ಲ, ಆದರೆ ಬಳೆ, ಒಡವೆ, ತಿಂಡಿ ಅಂತ ವಸ್ತುಗಳನ್ನು ಲೆನ್ಸಿನ ಹತ್ತಿರ ತಂದು ತೋರಿಸುವವರಿಗೆ ಕೊಡುತ್ತದೆ. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಓಡಾಡುವ ಕ್ಯಾನನ್ ಎಂ50 ಮತ್ತು 200ಡಿ ಮಾರ್ಕ್ 2ರಲ್ಲಿ ಇನ್ನೊಂದು ಗುಟ್ಟಿದೆ. ಡಬ್ಬದ ಮೇಲೆ 4ಕೆ ಅಂತ ಇದೆ ನಿಜ, ಆದರೆ 4ಕೆಗೆ ಹೋದ ಕೂಡಲೇ ಚಿತ್ರ ಕತ್ತರಿಸಿಹೋಗುತ್ತದೆ, ಮೊದಲ ಬಗೆಯ ಒಳ್ಳೆಯ ಫೋಕಸ್ಸೂ (ಕ್ಯಾನನ್ ಅದನ್ನು ಡ್ಯುಯಲ್ ಪಿಕ್ಸೆಲ್ ಅನ್ನುತ್ತದೆ) ಆಫ್ ಆಗುತ್ತದೆ. ಅವನ್ನು ಫುಲ್ ಎಚ್‌ಡಿ ಕ್ಯಾಮೆರಾ ಅಂದುಕೊಂಡೇ ಬೆಲೆ ಕಟ್ಟಿ. ಫುಲ್ ಎಚ್‌ಡಿಯಲ್ಲಿ ಎರಡೂ ಚೆನ್ನಾಗಿವೆ, ಫೋನಿನಲ್ಲಿ ನೋಡುವವರಿಗೆ ಅದು ಧಾರಾಳ.

ಈಗ ಸೆನ್ಸರ್ ಮತ್ತು ಕತ್ತಲು. ದೊಡ್ಡ ಸೆನ್ಸರ್ ಅಂದರೆ ರಾತ್ರಿ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ, ಲೆಕ್ಕ ಹಾಕಿ ನೋಡುವವರೆಗೆ. ಪಾಕೆಟ್ 3ರಲ್ಲಿರುವ "ಒಂದು ಇಂಚಿನ" ಸೆನ್ಸರು ಹೆಸರಿಗೆ ಒಂದಿಂಚು, ಅಳೆದರೆ 13.2×8.8 ಮಿ.ಮೀ. ಸೋನಿ ಝಡ್‌ವಿ-ಇ10ರಲ್ಲಿರುವ, ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸರು 23.5×15.6. ಅಂದರೆ ಸುಮಾರು ಮೂರು ಪಟ್ಟು ದೊಡ್ಡದು. ಸರಿ, ಆದರೆ ಪಾಕೆಟ್ 3ರ ಲೆನ್ಸು ಎಫ್/2, ಝಡ್‌ವಿ-ಇ10ರ ಕಿಟ್ ಲೆನ್ಸು (ಜೊತೆಗೆ ಬರುವುದು) ಎಫ್/3.5. ಈ ಸಂಖ್ಯೆ ಚಿಕ್ಕದಾದಷ್ಟು ಬೆಳಕು ಜಾಸ್ತಿ ಒಳಗೆ ಬರುತ್ತದೆ, ಎಫ್/2 ಒಳಗೆ ಬಿಡುವುದು ಎಫ್/3.5ಕ್ಕಿಂತ ಮೂರು ಪಟ್ಟು. ಸೆನ್ಸರಿನಲ್ಲಿ ಗಳಿಸಿದ್ದು ಲೆನ್ಸಿನಲ್ಲಿ ಹೋಯಿತು, ಅಲ್ವಾ? ಆರ್50ರ ಕಿಟ್ ಲೆನ್ಸ್ ಎಫ್/4.5ರಿಂದ ಶುರು, ಅದು ಇನ್ನೂ ಹಿಂದೆ. ಲೆನ್ಸ್ ಬದಲಿಸುವ ಕ್ಯಾಮೆರಾ ಕೊಂಡು ಕಿಟ್ ಲೆನ್ಸಿನಲ್ಲೇ ಕಾಲ ಕಳೆಯುವ ಆಲೋಚನೆ ಇದ್ದರೆ ರಾತ್ರಿಯ ಮಟ್ಟಿಗೆ ನಿಮಗೆ ಆಗುವ ಲಾಭ ಅಷ್ಟಕ್ಕಷ್ಟೆ. ಮುಂದೊಂದು ದಿನ ಸಿಗ್ಮಾ 16 ಮಿ.ಮೀ. ಎಫ್/1.4ರಂಥ ಲೆನ್ಸ್ ಕೊಳ್ಳುತ್ತೇನೆ ಅನ್ನುವವರಿಗೆ ಮಾತ್ರ ಆ ದಾರಿ ಸರಿ. ಅದರ ದುಡ್ಡನ್ನೂ ಇವತ್ತೇ ಲೆಕ್ಕಕ್ಕೆ ಸೇರಿಸಿ.

ಅಲುಗಾಟ. ಝಡ್‌ವಿ-ಇ10, ಆರ್50 ಎರಡರ ಬಾಡಿಯಲ್ಲೂ ಸೆನ್ಸರನ್ನೇ ಅಲುಗಿಸಿ ಸರಿಮಾಡುವ ವ್ಯವಸ್ಥೆ ಇಲ್ಲ. ಪಾಕೆಟ್ 3ರಲ್ಲಿ ಕ್ಯಾಮೆರಾ ಮೂರು ದಿಕ್ಕಿಗೆ ತಿರುಗುವ ಪುಟ್ಟ ಮೋಟಾರಿನ ಮೇಲೆ ಕೂತಿದೆ, 179 ಗ್ರಾಂ ತೂಕ, ಜೇಬಿಗೆ ಹೋಗುತ್ತದೆ. ಜನರ ನಡುವೆ ನಡೆಯುತ್ತ ತೆಗೆಯಲು ಈ ಬೆಲೆಗೆ ನನಗೆ ಅದಕ್ಕಿಂತ ಒಳ್ಳೆಯದು ಕಂಡಿಲ್ಲ. ಮಳೆಗೆ ಮಾತ್ರ ಅದನ್ನು ಒಡ್ಡಬೇಡಿ, ನೀರು ತಡೆಯುವ ಭರವಸೆ ಅದಕ್ಕಿಲ್ಲ. ಚಿಕ್ಕದಾಗಿರುವುದರಿಂದ ಇನ್ನೊಂದು ಉಪಕಾರ. ದೊಡ್ಡ ಕ್ಯಾಮೆರಾ ಎತ್ತಿದ ಕೂಡಲೇ ಈ ಊರಲ್ಲಿ ಯಾರಾದರೂ ಒಬ್ಬರು "ಕೌನ್‌ಸಾ ಚಾನಲ್ ಹೈ?" ಅಂತ ಕೇಳಿಯೇ ಕೇಳುತ್ತಾರೆ, ಹಿಂದೆಯೇ ನಾಲ್ಕು ಮಕ್ಕಳು ಫ್ರೇಮಿಗೆ ಬಂದು ಕೈ ಬೀಸುತ್ತಾರೆ. ಸ್ಟೇಷನ್ನಿನಲ್ಲಿ ಟ್ರೈಪಾಡ್ ಬಿಚ್ಚಿದರೆ ಆರ್‌ಪಿಎಫ್‌ನವರೂ ಬರುತ್ತಾರೆ. ರೈಲ್ವೆ ಜಾಗದಲ್ಲಿ ವಾಣಿಜ್ಯ ಚಿತ್ರೀಕರಣಕ್ಕೆ ಅನುಮತಿ ಬೇಕು.

ಹೆಜ್ಜೆ 5: ಬಜೆಟ್ ಹಂಚುವುದು

ಕೈಯಲ್ಲಿರುವ ದುಡ್ಡಿನ ಕಾಲು ಭಾಗ ಪಕ್ಕಕ್ಕಿಡಿ. ಮೈಕು, ಇನ್ನೊಂದು ಬ್ಯಾಟರಿ, ಮೆಮೊರಿ ಕಾರ್ಡು, ಸಣ್ಣ ಟ್ರೈಪಾಡು ಎಲ್ಲ ಅದರಲ್ಲಿ ಬರಬೇಕು. ಉಳಿದ ಮುಕ್ಕಾಲು ಭಾಗ ಕ್ಯಾಮೆರಾದ್ದು.

ಹತ್ತು ಸಾವಿರದ ಒಳಗೆ: ಇರುವ ಫೋನು, ಮೈಕು, ಲೈಟು. ಇಷ್ಟು ದುಡ್ಡಿಗೆ ಆನ್‌ಲೈನಿನಲ್ಲಿ ಕಾಣುವ ಹೆಸರು ಕೇಳದ ಕಂಪನಿಗಳ "4ಕೆ ವ್ಲಾಗ್ ಕ್ಯಾಮೆರಾ" ಕಡೆಗೆ ತಲೆಯೂ ಹಾಕಬೇಡಿ, ನಿಮ್ಮ ಫೋನು ಅದಕ್ಕಿಂತ ಮೇಲು.

ಇಪ್ಪತ್ತರಿಂದ ಮೂವತ್ತೈದು ಸಾವಿರ: ಸೆಕೆಂಡ್ ಹ್ಯಾಂಡ್ ಎಂ50 ಅಥವಾ 200ಡಿ, ಇಲ್ಲವೇ ಒಂದು ಆ್ಯಕ್ಷನ್ ಕ್ಯಾಮೆರಾ. ಎಂ50ಯ ಲೆನ್ಸ್ ಮೌಂಟನ್ನು ಕ್ಯಾನನ್ ನಿಲ್ಲಿಸಿದೆ, ಹಾಗಾಗಿ ಮುಂದೆ ಹೊಸ ಲೆನ್ಸ್ ಬರುವುದಿಲ್ಲ. ಅದನ್ನೇ ಹೇಳಿ ಬೆಲೆ ಇಳಿಸಬಹುದು.

ಐವತ್ತರ ಆಸುಪಾಸು: ಪಾಕೆಟ್ 3, ಝಡ್‌ವಿ-1ಎಫ್, ಅಥವಾ ಸೆಕೆಂಡ್ ಹ್ಯಾಂಡ್ ಝಡ್‌ವಿ-ಇ10. ನಡೆಯುತ್ತ ಮಾತಾಡುವವರು ಮೊದಲನೆಯದು. ಕೂತು ಮಾತಾಡುವವರು, ಮುಂದೆ ಲೆನ್ಸ್ ಸೇರಿಸುವವರು ಕೊನೆಯದು.

ಅರವತ್ತರಿಂದ ಎಂಬತ್ತು: ಹೊಸ ಝಡ್‌ವಿ-ಇ10 ಅಥವಾ ಆರ್50. ಫೋಟೋವೂ ಮುಖ್ಯ ಅಂದರೆ ಆರ್50, ಅದರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದೆ. ಯಕ್ಷಗಾನದವರು ಇವೆರಡರಲ್ಲಿ ಝಡ್‌ವಿ-ಇ10 ತಗೊಂಡು ಜೂಮ್ ಲೆನ್ಸಿಗೆ ದುಡ್ಡು ಕೂಡಿಸಲಿ, ಆರ್50 ಒಂದು ಗಂಟೆಗೆ ರೆಕಾರ್ಡಿಂಗ್ ನಿಲ್ಲಿಸುತ್ತದೆ.

ಕೊಳ್ಳುವ ಮುಂಚೆ ಒಂದು ದಿನ ಬಾಡಿಗೆಗೆ ತನ್ನಿ. ಸಿನಿಮಾ ಊರಿದು, ಅಂಧೇರಿ ಕಡೆ ಬಾಡಿಗೆ ಕೊಡುವವರು ಬೇಕಾದಷ್ಟು ಇದ್ದಾರೆ. ನಿಮ್ಮ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ತೆಗೆದು ಮೊದಲಿನ ಫೋನ್ ವಿಡಿಯೋದ ಪಕ್ಕ ಇಟ್ಟು ನೋಡಿ.

ಹೆಜ್ಜೆ 6: ಅಂಗಡಿ

ಸಿಎಸ್‌ಎಂಟಿಯಲ್ಲಿ ಇಳಿದು ಡಿ.ಎನ್. ರಸ್ತೆ ದಾಟಿದರೆ ಫೋರ್ಟ್‌ನ ಬೋರಾ ಬಜಾರ್. ಕ್ಯಾಮೆರಾ, ಲೆನ್ಸು, ಲೈಟು, ಬ್ಯಾಗು, ರಿಪೇರಿ ಎಲ್ಲ ಅಲ್ಲೇ ಗಲ್ಲಿಗಳಲ್ಲಿ. ಭಾನುವಾರ ಹೋಗಿ ಪೆಚ್ಚಾಗಬೇಡಿ, ಹೆಚ್ಚಿನವು ಮುಚ್ಚಿರುತ್ತವೆ. ಕಾರ್ಡು, ಕೇಬಲ್ಲಿಗೆ ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆ. ಚೋರ್ ಬಜಾರ್ ರೀಲಿನ ಹಳೇ ಕ್ಯಾಮೆರಾ ನೋಡಲು ಚೆಂದ, ವ್ಲಾಗಿಗೆ ಅಲ್ಲಿ ಕೆಲಸ ಇಲ್ಲ.

"ಬಿಲ್ ಬೇಡ ಅಂದರೆ ಇಷ್ಟು ಬಿಡುತ್ತೇನೆ" ಅಂತ ಯಾರಾದರೂ ಹೇಳುತ್ತಾರೆ. ಕ್ಯಾಮೆರಾ ಮೇಲಿನ ಜಿಎಸ್‌ಟಿ 18 ಶೇಕಡಾ (2019ರ ಜನವರಿಗೆ ಮೊದಲು 28 ಇತ್ತು), ಅವನು ಬಿಡುವುದು ಅದನ್ನೇ. ಅದರ ಜೊತೆ ನಿಮ್ಮ ವಾರಂಟಿಯೂ ಹೋಗುತ್ತದೆ. ಹೊರದೇಶದಿಂದ ಸೂಟ್‌ಕೇಸಿನಲ್ಲಿ ಬಂದ ಮಾಲಿಗೂ ಅದೇ ಗತಿ. ಪಾಕೆಟ್ 3 ಕೊಳ್ಳುವಾಗ ಇದನ್ನು ಮರೆಯಬೇಡಿ: ವಾರಂಟಿ ಯಾರದು, ರಿಪೇರಿ ಎಲ್ಲಿ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಿಲ್, ಡಬ್ಬ, ಕ್ಯಾಮೆರಾದ ತಳ, ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇರಬೇಕು.

ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮದೇ ಕಾರ್ಡು, ಇಯರ್‌ಫೋನು, ಮೈಕು, ಒಂದು ಚಿಕ್ಕ ಟಾರ್ಚು ತಗೊಂಡು ಹೋಗಿ. ಕೂಡಲೇ ರೆಕಾರ್ಡಿಂಗ್ ಶುರು ಮಾಡಿ ಮಾತಿಗಿಳಿಯಿರಿ, ಹದಿನೈದು ನಿಮಿಷ ಓಡಲಿ. ಬಿಸಿಯಾಗಿ ನಿಲ್ಲುವುದಿದ್ದರೆ ಅಲ್ಲೇ ನಿಲ್ಲಲಿ. ಅದೇ ಹೊತ್ತಲ್ಲಿ ಮೈಕ್ ಪಿನ್ನನ್ನು ಸ್ವಲ್ಪ ಅಲುಗಿಸಿ, ಆಮೇಲೆ ಕೇಳಿದಾಗ ಕರ್ ಕರ್ ಅಂದರೆ ಜಾಕ್ ಸಡಿಲ. ಸ್ಕ್ರೀನನ್ನು ಹತ್ತು ಸಲ ತೆರೆದು ಮುಚ್ಚಿ, ಚಿತ್ರ ಮಿನುಗಬಾರದು. ಅಂಗಡಿಯ ಒಳಗಿನಿಂದ ಬಾಗಿಲಿಗೆ ನಡೆದು ಬನ್ನಿ, ಫೋಕಸ್ ಮುಖ ಬಿಡಬಾರದು. ಲೆನ್ಸ್ ಬದಲಿಸುವ ಕ್ಯಾಮೆರಾದಲ್ಲಿ ಎಫ್/16 ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿ, ಸೆನ್ಸರಿನ ಮೇಲಿನ ಧೂಳು ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಮುಚ್ಚಳ ಹಾಕಿ ಹೆಚ್ಚು ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಸೆಟ್ಟಿಂಗ್) ಕತ್ತಲನ್ನೇ ರೆಕಾರ್ಡ್ ಮಾಡಿ, ಒಂದೇ ಕಡೆ ಹೊಳೆಯುವ ಚುಕ್ಕೆ ಇದ್ದರೆ ಆ ಪಿಕ್ಸೆಲ್ ಕೆಟ್ಟಿದೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಜೇಡರಬಲೆಯ ಹಾಗೆ ಎಳೆ ಕಂಡರೆ ಅದು ಬೂಸ್ಟು, ಎದ್ದು ಬನ್ನಿ.

"ಶಟರ್ ಕೌಂಟ್ ಬರೀ ಎರಡು ಸಾವಿರ" ಅನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಅದು ಎಷ್ಟು ಫೋಟೋ ತೆಗೆದಿದೆ ಅನ್ನುವ ಲೆಕ್ಕ, ವಿಡಿಯೋ ಎಷ್ಟು ಗಂಟೆ ಓಡಿತು ಅನ್ನುವುದು ಅದರಲ್ಲಿ ಬರುವುದಿಲ್ಲ. ಮದುವೆ ಮನೆಗಳಲ್ಲಿ ವರ್ಷವಿಡೀ ವಿಡಿಯೋ ಓಡಿಸಿದ ಕ್ಯಾಮೆರಾಕ್ಕೂ ಕೌಂಟ್ ಎರಡು ಸಾವಿರವೇ ಇರಬಹುದು.

ಕಾರ್ಡಿನ ಮೇಲೆ ವಿ30 ಅಂತ ಇರಲಿ, ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಅಂತ ಅರ್ಥ. 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 12.5 ಎಂಬಿ) 4ಕೆ ವಿಡಿಯೋ ನಿಮಿಷಕ್ಕೆ 750 ಎಂಬಿ ತಿನ್ನುತ್ತದೆ, 64 ಜಿಬಿ ಕಾರ್ಡಿಗೆ ಒಂದೂಕಾಲು ಗಂಟೆ ಚಿಲ್ಲರೆ. ನಕಲಿ ಕಾರ್ಡುಗಳ ಹಾವಳಿ ಇದೆ, ಮನೆಗೆ ತಂದ ದಿನವೇ ಲ್ಯಾಪ್‌ಟಾಪಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ (h2testw) ಅನ್ನುವ ಕಾರ್ಡ್ ಪರೀಕ್ಷಿಸುವ ತಂತ್ರಾಂಶ ಓಡಿಸಿ ಪೂರ್ತಿ ತುಂಬಿಸಿ ನೋಡಿ.

ಹೆಜ್ಜೆ 7: ಮೊದಲ ದಿನ ಬದಲಿಸಬೇಕಾದ ಸೆಟ್ಟಿಂಗ್

ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಮೆನುವಿನಲ್ಲಿ ಪಿಎಎಲ್ (PAL, 50 ಹರ್ಟ್ಸ್ ಕರೆಂಟಿಗೆ ಹೊಂದುವ ವಿಡಿಯೋ ಬಗೆ) ಆರಿಸಿ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ಗೋಡೆಯ ಮೇಲೆ ಓಡುವ ಕಪ್ಪು ಪಟ್ಟಿ ನಿಲ್ಲುತ್ತದೆ. ಝಡ್‌ವಿ-ಇ10 ಇರುವವರಿಗೆ ಇದರಲ್ಲಿ ಇನ್ನೊಂದು ಲಾಭ: 25 ಫ್ರೇಮಿನಲ್ಲಿ ಆ 1.23ರ ಕತ್ತರಿ ಇಲ್ಲ. ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಬೆಳ್ಳಗಾಗುತ್ತದೆ, ಆಗ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು) ಬೇಕು, ಅದಿಲ್ಲದಿದ್ದರೆ ಹೊರಗೆ ಶಟರ್ ಏರಿಸಿಕೊಳ್ಳಿ.

ವಾಪಸ್ ಮಾಡುವ ದಿನ ಮುಗಿಯುವ ಮುಂಚೆ ಒಂದು ಪೂರ್ತಿ ವಿಡಿಯೋ ತೆಗೆದು ಎಡಿಟ್ ಮಾಡಿ ಮುಗಿಸಿ. ನಿಮ್ಮ ಹಳೇ ಲ್ಯಾಪ್‌ಟಾಪ್ ಆ ಕ್ಯಾಮೆರಾದ 4ಕೆ ಫೈಲನ್ನು ಎಳೆಯುತ್ತದೋ ಇಲ್ಲವೋ ಗೊತ್ತಾಗುವುದು ಆಗಲೇ.

ಮಳೆಗಾಲಕ್ಕೆ

ನನ್ನ ಆ ಮೊದಲ ಡಿಎಸ್‌ಎಲ್‌ಆರ್ ಲೆನ್ಸಿಗೆ ಬೂಸ್ಟು ಹಿಡಿದದ್ದು ಒಂದೇ ಮಳೆಗಾಲದಲ್ಲಿ. ಬ್ಯಾಗಿನಲ್ಲಿ ಹಾಕಿ, ಬೀರುವಿನ ಕೆಳಗಿನ ಅರೆಯಲ್ಲಿಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಟಿರಲಿಲ್ಲ. ಕ್ಯಾಮೆರಾಕ್ಕೆ ಕತ್ತಲೆ, ತೇವ, ಬಟ್ಟೆಯ ಬ್ಯಾಗು ಮೂರೂ ಸೇರಬಾರದು. ಎಲೆಕ್ಟ್ರಿಕ್ ಡ್ರೈ ಕ್ಯಾಬಿನೆಟ್ ದುಬಾರಿ. ಗಟ್ಟಿ ಮುಚ್ಚಳದ, ಗಾಳಿಯಾಡದ ಅಕ್ಕಿ ಡಬ್ಬ ಸಾಕು. ತಳಕ್ಕೆ ಸಿಲಿಕಾ ಜೆಲ್, ಒಳಗೊಂದು ತೇವ ತೋರಿಸುವ ಚಿಕ್ಕ ಮೀಟರು, ಮುಳ್ಳು 40ರಿಂದ 50ರ ನಡುವೆ ಇರಲಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ಕುಡಿಯುವಷ್ಟು ಕುಡಿದಿದೆ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ದೋಸೆ ಕಾವಲಿಯ ಮೇಲೆ ಮಾತ್ರ ಹುರಿಯಬೇಡಿ, ಆ ನೀಲಿ ಬರುವುದು ಕೋಬಾಲ್ಟ್‌ನಿಂದ, ಹೊಟ್ಟೆಗೆ ವಿಷ. ಒಂದು ಹಳೇ ಬಾಣಲೆಯನ್ನು ಅದಕ್ಕೇ ಅಂತ ಬೇರೆ ಇಟ್ಟುಬಿಡಿ.